ಗಾಣದವರು, ಹಾವಿನವರು

ಕಾರ್ ರೇಸಿನ ಎರಡೂ ಸರಣಿಗಳು ಒಂದಾಗುತ್ತವಂತೆ ಎಂಬ ಸುದ್ದಿ ಬಂದಾಗ ಹಲ್ಲಪ್ಪ ಯಾರದೋ ಮೇಲ್ದವಡೆಯ ಅಚ್ಚಿಗೆ ಮೇಣ ತುಂಬುತ್ತಿದ್ದ.

ಹಲ್ಲಪ್ಪ ಎಂಬುದು ಅವನ ಹೆಸರೇನಲ್ಲ. ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತೆಂಟು ವರ್ಷದಿಂದ ಹಲ್ಲಿನ ಸೆಟ್ಟು ಮಾಡುತ್ತಿದ್ದವನಿಗೆ ರೇಸಿನ ಗೆಳೆಯರು ಇಟ್ಟ ಅಡ್ಡಹೆಸರು. ಆ ಕೋಣೆಗಿದ್ದದ್ದು ಒಂದೇ ಕಿಟಕಿ, ಕಿಟಕಿಯ ಆಚೆ ಪಕ್ಕದ ಕಟ್ಟಡದ ಗೋಡೆ. ಮುಂದಿನ ಕೋಣೆಯಲ್ಲಿ ರೋಗಿಗಳು ನರಳುವುದು, ಡಾಕ್ಟರು ಸಮಾಧಾನ ಹೇಳುವುದು ಎಲ್ಲ ಕೇಳುತ್ತಿತ್ತು. ಆದರೆ ಅವರಲ್ಲಿ ಒಬ್ಬರ ಮುಖವನ್ನೂ ಅವನು ಕಂಡವನಲ್ಲ. ಅವರ ಬಾಯಿ ಮಾತ್ರ ಪ್ಲಾಸ್ಟರಿನ ಅಚ್ಚಾಗಿ ಅವನ ಮೇಜಿಗೆ ಬರುತ್ತಿತ್ತು. ಊರಿನ ಅರ್ಧ ಜನ ನಗುವುದು ನನ್ನ ಹಲ್ಲಿನಿಂದ, ನನ್ನ ಕಂಡು ನಗುವವರು ಮಾತ್ರ ಒಬ್ಬರೂ ಇಲ್ಲ ಎಂದು ಅವನೊಮ್ಮೆ ಅಕ್ಕನ ಹತ್ತಿರ ತಮಾಷೆ ಮಾಡಿದ್ದ. ಅಕ್ಕನಿಗೆ ನಗು ಬಂದಿರಲಿಲ್ಲ. ಐವತ್ತು ದಾಟಿದ, ಮದುವೆಯಾಗದ, ಒಂದು ಕೋಣೆಯ ಬಾಡಿಗೆ ಮನೆಯಲ್ಲಿರುವ ತಮ್ಮನ ಬಾಯಲ್ಲಿ ಅಂಥ ತಮಾಷೆ ಯಾವ ಅಕ್ಕನಿಗೆ ತಾನೇ ಹಿಡಿಸೀತು?

ಅವನಿಗಿದ್ದ ಒಂದೇ ಹುಚ್ಚೆಂದರೆ ರೇಸು. ಚಕ್ರಗಳಿಗೆ ಹೊದಿಕೆಯಿಲ್ಲದ, ಒಬ್ಬನೇ ಕೂರುವ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಕಾರುಗಳ ರೇಸು. ಹದಿನಾಲ್ಕು ವರ್ಷದ ಹಿಂದೆ ಅದು ಒಂದೇ ಸರಣಿಯಾಗಿತ್ತು. ಆಮೇಲೆ ತಂಡಗಳ ಮಾಲೀಕರಲ್ಲೇ ಜಗಳ ಹತ್ತಿತು. ಮೊಟ್ಟೆಯಾಕಾರದ ಬಯಲು ಟ್ರ್ಯಾಕಿನಲ್ಲಿ ಸುತ್ತುವುದೇ ನಿಜವಾದ ರೇಸು ಎಂದು ಕೆಲವರು, ಅಂಕುಡೊಂಕಿನ ರಸ್ತೆಯಲ್ಲಿ ಓಡಿಸುವುದೇ ರೇಸು ಎಂದು ಉಳಿದವರು. ಕೊನೆಗೆ ಅಣ್ಣತಮ್ಮಂದಿರು ಹಿತ್ತಲಿಗೆ ಬೇಲಿ ಹಾಕಿಕೊಂಡಂತೆ ಎರಡು ಸರಣಿಗಳಾದವು. ನೋಡುವವರೂ ಇಬ್ಭಾಗವಾದರು. ಸುತ್ತುವ ರೇಸಿನವರನ್ನು ಆಚೆಯವರು 'ಗಾಣದವರು' ಎಂದು ಹಂಗಿಸಿದರು, ಎಣ್ಣೆಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತು ಎಂದು. ಅಂಕುಡೊಂಕಿನವರಿಗೆ 'ಹಾವಿನವರು' ಎಂಬ ಹೆಸರು ಬಿತ್ತು. ಹಲ್ಲಪ್ಪ ಹಾವಿನವನು. ಅವನ ಭಾವ, ಅಂದರೆ ಅಕ್ಕನ ಗಂಡ, ಗಾಣದವರು.

ಭಾವನದು ಡ್ರೈವಿಂಗ್ ಶಾಲೆ. ಮೂವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಕೆಳಗಿನ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಜೀವನ ತೆಗೆದವರು. ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಿದರೆ ಶಿಷ್ಯರಿಗೆ ಬೈಗುಳ ಬೀಳುತ್ತಿತ್ತು. ಭಾನುವಾರ ಮಾತ್ರ ಅವರಿಗೆ ಮುನ್ನೂರೈವತ್ತಕ್ಕೆ ಕಡಿಮೆಯಾದದ್ದು ರುಚಿಸುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹಲ್ಲಪ್ಪ ಅಕ್ಕನ ಮನೆಗೆ ಹೋಗುತ್ತಿದ್ದ. ಮೊದಲು ಗಾಣದ ರೇಸು, ಆಮೇಲೆ ಹಾವಿನದು. ಎರಡನ್ನೂ ಇಬ್ಬರೂ ನೋಡುವುದು, ಒಬ್ಬರದನ್ನೊಬ್ಬರು ಆಡಿಕೊಳ್ಳುವುದು. ದನಿ ಎಷ್ಟು ಏರುತ್ತಿತ್ತೆಂದರೆ ಒಮ್ಮೆ ಪಕ್ಕದ ಮನೆಯವರು ಗಾಬರಿಯಾಗಿ ಬಂದು ಬಾಗಿಲು ತಟ್ಟಿದ್ದರು. ನಡುವೆ ಕುರ್ಚಿ ಹಾಕಿಕೊಂಡು ಅಕ್ಕ ತರಕಾರಿ ಹೆಚ್ಚುವಳು, ಇಲ್ಲವೇ ಗುಂಡಿ ಹೊಲಿಯುವಳು. ನಿಯಮಗಳು ಅವಳಿಗೆ ಒಂದೂ ಗೊತ್ತಿರಲಿಲ್ಲ. ಅವಳು ಚಾಲಕರನ್ನು ಗುರುತಿಸುತ್ತಿದ್ದದ್ದು ಹೆಲ್ಮೆಟ್ಟಿನ ಬಣ್ಣದಿಂದ. ತಿರುವು ಬಂದಾಗ ಅವರ ತಲೆಗಳು ಒಂದೇ ಕಡೆ ವಾಲುವುದನ್ನು ನೋಡಿ, "ಆ ಹಳದಿ ತಲೆಯವನಿಗೆ ನಾಳೆ ಕತ್ತು ಹಿಡ್ಕೊಳ್ಳತ್ತೆ, ನೋಡ್ತಿರಿ" ಎನ್ನುವಳು. ಜಗಳ ಮಿತಿ ಮೀರಿದರೆ, "ಇವರಿಗೆ ಸುತ್ತೋ ಹುಚ್ಚು, ನಿನಗೆ ತಿರುಗೋ ಹುಚ್ಚು, ಎರಡಕ್ಕೂ ಮದ್ದಿಲ್ಲ" ಎಂದು ಎದ್ದು ಚಹಾ ಮಾಡಲು ಹೋಗುವಳು.

ಆ ಅಕ್ಕ ತೀರಿಕೊಂಡು ಮೂರು ವರ್ಷವಾಗಿತ್ತು.

ಹೋದ ಹೊಸದರಲ್ಲಿ ಹಲ್ಲಪ್ಪ ಎರಡು ಸಲ ಆ ಮನೆಗೆ ಹೋದ. ನಡುವಿನ ಕುರ್ಚಿ ಹಾಗೇ ಇತ್ತು. ಅದನ್ನು ಪಕ್ಕಕ್ಕಿಡುವ ಧೈರ್ಯ ಭಾವನಿಗೂ ಬಂದಿರಲಿಲ್ಲ, ಇವನಿಗೂ ಬರಲಿಲ್ಲ. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಕೂತು, ಕತ್ತಲಾಗುವ ಮುಂಚೆಯೇ ಎದ್ದರು. ಮೂರನೆಯ ಸಲ ಅವನು ಹೋಗಲಿಲ್ಲ. ಆ ಸಂಜೆ ಆರು ಗಂಟೆಗೆ ಭಾವನ ಫೋನು ಬಂತು. ಸುಖದುಃಖದ ಮಾತೇನೂ ಇಲ್ಲ. ಫೋನೆತ್ತಿದ ಕೂಡಲೇ, "ಏನಯ್ಯಾ, ನಿಮ್ಮ ಹಾವು ಇವತ್ತು ಎಷ್ಟು ಸಲ ತನ್ನ ಬಾಲ ತಾನೇ ಕಚ್ಚಿಕೊಂಡಿತು?" ಎಂದರು. ಹಲ್ಲಪ್ಪನ ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿದಂತಾಯಿತು. ಮುಕ್ಕಾಲು ಗಂಟೆ ಜಗಳವಾಡಿದರು.

ಅಲ್ಲಿಂದ ಒಂದು ಭಾನುವಾರವೂ ತಪ್ಪಲಿಲ್ಲ. ಪಾಪ, ಒಂಟಿ ಜೀವ, ಜಗಳವಾಡುವುದಕ್ಕಾದರೂ ಒಬ್ಬರು ಬೇಡವೇ ಎಂದುಕೊಂಡು ಹಲ್ಲಪ್ಪ ಆ ಫೋನಿಗೆ ತಯಾರಾಗುತ್ತಿದ್ದ. ಎರಡೂ ರೇಸನ್ನು ಬಿಡದೆ ನೋಡಿ, ಯಾವ ಸುತ್ತಿನಲ್ಲಿ ಯಾರು ಯಾರನ್ನು ದಾಟಿದರೆಂದು ಒಂದು ಪುಸ್ತಕದಲ್ಲಿ ಬರೆದಿಡುವನು. ಭಾವನನ್ನು ಕೆಣಕಬಹುದಾದ ಎರಡು ಮಾತನ್ನು ಮೊದಲೇ ಹುಡುಕಿಟ್ಟುಕೊಳ್ಳುವನು. ಜ್ವರ ಬಂದು ಮಲಗಿದ್ದ ದಿನವೂ ಆರು ಗಂಟೆಗೆ ಎದ್ದು ಕೂತು, ಗಂಟಲು ಸರಿಮಾಡಿಕೊಂಡು ಫೋನೆತ್ತಿದ್ದ. ಮುದುಕನಿಗೆ ಇದೊಂದೇ ಆಸರೆ, ನಾನೂ ಕೈಬಿಟ್ಟರೆ ಹೇಗೆ ಎಂಬುದು ಅವನ ಲೆಕ್ಕ.

ಈಗ ಈ ಸುದ್ದಿ. ಸುದ್ದಿ ಕಳಿಸಿದವರು ಅಭಿಮಾನಿಗಳ ಸಂಘದ ಅಧ್ಯಕ್ಷರಾದ ಟೈರ್ ಅಂಗಡಿಯವರು. ಎರಡು ಸರಣಿಗಳ ಮಾಲೀಕರೂ ಮಾತುಕತೆಗೆ ಕೂತಿದ್ದಾರೆ, ಸಂಘಗಳ ಅಭಿಪ್ರಾಯ ಕೇಳಿದ್ದಾರೆ, ಶನಿವಾರ ಮಧ್ಯಾಹ್ನ ಎರಡೂ ಪಂಗಡದವರು ಅಂಗಡಿಯ ಮೇಲಿನ ಹಾಲಿನಲ್ಲಿ ಸೇರಬೇಕು ಎಂದಿತ್ತು ಸಂದೇಶ.

ನ್ಯಾಯವಾಗಿ ಹಲ್ಲಪ್ಪನಿಗೆ ಖುಷಿಯಾಗಬೇಕಿತ್ತು. ಒಂದಾಗಲಿ ಎಂದು ಎಷ್ಟೋ ಸಲ ಅವನೇ ಹೇಳಿದ್ದ. ಅಲ್ಲಿ ಹನ್ನೆರಡು ಕಾರು, ಇಲ್ಲಿ ಹನ್ನೊಂದು, ಎರಡು ಕಡೆಯೂ ಖಾಲಿ ಹೊಡೆಯುವ ಗ್ಯಾಲರಿ. ಎರಡು ಅರ್ಧ ಕೊಡ ತುಳುಕುವುದಕ್ಕಿಂತ ಒಂದು ತುಂಬಿದ ಕೊಡ ಮೇಲಲ್ಲವೇ? ಆದರೆ ಅವತ್ತು ಮೇಣದ ಚಮಚ ಕೆಳಗಿಟ್ಟು ಆ ಸಂದೇಶವನ್ನು ಮತ್ತೆ ಮೊದಲಿನಿಂದ ಓದಿದ. ಒಂದೇ ಸರಣಿಯಾದರೆ ಗಾಣವೂ ಇಲ್ಲ, ಹಾವೂ ಇಲ್ಲ. ಆಮೇಲೆ ಭಾನುವಾರ ಆರು ಗಂಟೆಗೆ ಭಾವ ಏನೆಂದು ಫೋನು ಮಾಡಿಯಾರು? ಈ ಮಾತನ್ನು ಅವನು ತನಗೆ ತಾನೂ ಪೂರ್ತಿ ಹೇಳಿಕೊಳ್ಳಲಿಲ್ಲ. ಸಂಜೆ ಮನೆಗೆ ಹೋಗಿ ವಿಲೀನದ ವಿರುದ್ಧ ಒಂದು ಹಾಳೆಯ ತುಂಬ ಕಾರಣಗಳನ್ನು ಬರೆದ.

ಶನಿವಾರ ಹಾಲಿನಲ್ಲಿ ಮೂವತ್ತು ಕುರ್ಚಿ. ಹೊಸ ರಬ್ಬರಿನ ವಾಸನೆ ಮಹಡಿಯವರೆಗೂ ಏರಿತ್ತು. ಗಾಣದವರು ಬಾಗಿಲ ಕಡೆ, ಹಾವಿನವರು ಕಿಟಕಿಯ ಕಡೆ, ಯಾರೂ ಹೇಳದಿದ್ದರೂ ಬೀಗರ ಹಾಗೆ ಬೇರೆ ಬೇರೆ ಕೂತರು. ಚರ್ಚೆ ಎಂಜಿನ್ನಿನಿಂದ ಶುರುವಾಗಿ, ಯಾರ ಟ್ರ್ಯಾಕು ಉಳಿಯಬೇಕು, ಯಾರದು ಹೋಗಬೇಕು ಎಂಬಲ್ಲಿಗೆ ಬಂದು, ಹದಿನಾಲ್ಕು ವರ್ಷದ ಚಾಂಪಿಯನ್ನರಲ್ಲಿ ಯಾರ ಹೆಸರು ಹೊಸ ಪಟ್ಟಿಯಲ್ಲಿ ಸೇರಬೇಕು ಎಂಬಲ್ಲಿ ಸಿಕ್ಕಿಹಾಕಿಕೊಂಡಿತು. ಗೆದ್ದವರು ವರ್ಷಕ್ಕಿಬ್ಬರು, ಇಬ್ಬರನ್ನೂ ಬರೆದರೆ ತಪ್ಪೇನು ಎಂದು ಅಂಕಿಸಂಖ್ಯೆ ಇಡುವ ಲೆಕ್ಕದ ಟೀಚರು ಕೇಳಿದರು. ಒಂದು ಸಿಂಹಾಸನಕ್ಕೆ ಇಬ್ಬರು ರಾಜರೇ ಎಂದು ಹಿಂದಿನಿಂದ ಯಾರೋ ಅಂದರು. ಹದಿನಾಲ್ಕು ವರ್ಷ ಇಬ್ಬರಿದ್ದರು, ಪ್ರಜೆಗಳೇ ಇರಲಿಲ್ಲ ಎಂದರು ಟೀಚರು. ಆ ಮಾತಿಗೆ ಎರಡೂ ಕಡೆಯವರು ನಕ್ಕರು.

ಹಲ್ಲಪ್ಪನ ಸರದಿ ಬಂತು. ಹಾಳೆ ಹಿಡಿದು ಎದ್ದು ನಿಂತು ಓದಿದ. ಮಾಲೀಕರಿಗೆ ಬೇಕಾದದ್ದು ಜಾಹೀರಾತು, ರೇಸಲ್ಲ. ಎರಡು ವರ್ಷದಲ್ಲಿ ಕಷ್ಟದ ತಿರುವಿನ ರಸ್ತೆಗಳನ್ನೆಲ್ಲ ಕೈಬಿಡುತ್ತಾರೆ. ಸುತ್ತುವ ಕಾರಿಗೂ ತಿರುಗುವ ಕಾರಿಗೂ ಚಕ್ರದ ಹಿಡಿತವೇ ಬೇರೆ, ಎರಡಕ್ಕೂ ಸಲ್ಲುವ ಕಾರು ಮಾಡಿದರೆ ಅದು ಎರಡಕ್ಕೂ ಸಲ್ಲದು. ಕಾರಣಗಳು ಚೆನ್ನಾಗಿಯೇ ಇದ್ದವು. ಓದುತ್ತಾ ಓದುತ್ತಾ ಅವನ ದನಿ ಮಾತ್ರ ಸುಮ್ಮಸುಮ್ಮನೆ ನಡುಗಿತು. ರೇಸಿನ ಮೇಲೆ ಎಂಥ ಪ್ರೀತಿ ಎಂದು ಕೆಲವರು ತಲೆದೂಗಿದರು.

ಉತ್ತರ ಕೊಡಲು ಎದ್ದವರು ಭಾವ. ಆರು ತಿಂಗಳ ಹಿಂದೆ ಯಾರದೋ ಮದುವೆಯಲ್ಲಿ ಕಂಡಮೇಲೆ ಅವರನ್ನು ಕಣ್ಣಾರೆ ನೋಡಿರಲಿಲ್ಲ ಹಲ್ಲಪ್ಪ. ಅಂಗಿಯ ಕಾಲರು ಕತ್ತಿಗೆ ದೊಡ್ಡದಾಗಿತ್ತು. ಒಂದಾಗಲೇಬೇಕು, ಸಾಕು ಈ ಕಿತ್ತಾಟ ಎಂದರು. ಆಮೇಲೆ ಹಾವಿನವರ ಕಡೆ ತಿರುಗಿ, "ನಮ್ಮ ಹುಡುಗರಿಗೆ ತಿರುವು ಗೊತ್ತಿಲ್ಲ ಅಂತೀರಿ. ಆ ಹಳದಿ ಹೆಲ್ಮೆಟ್ಟಿನವನ ತಲೆ ತಿರುವಿನಲ್ಲಿ ಹೇಗೆ ವಾಲತ್ತೆ ಅಂತ ನೋಡಿದ್ದೀರಾ? ಹೋದ ಭಾನುವಾರವೂ ನೋಡಿದೆ ನಾನು. ಕತ್ತು ಮುರಿದು ಹೋಗತ್ತೇನೋ ಅನ್ನೋ ಹಾಗೆ" ಎಂದರು.

ಟೈರ್ ಅಂಗಡಿಯವರು ಟೀಚರ ಮುಖ ನೋಡಿದರು. ಆಮೇಲೆ ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಎರಡು ವರ್ಷದ ಹಿಂದೆ ಒಂದು ಅಪಘಾತವಾದ ಮೇಲೆ ಎರಡೂ ಸರಣಿಯವರು ಚಾಲಕನ ಮುಂದೆ ದಪ್ಪ ಗಾಜಿನ ಮರೆ ಕಟ್ಟಿ, ತಲೆಯ ಸುತ್ತ ಎತ್ತರದ ಮೆತ್ತೆ ಕೂರಿಸಿದ್ದರು. ತಲೆ ವಾಲುವುದಿರಲಿ, ಹೆಲ್ಮೆಟ್ಟಿನ ಬಣ್ಣ ಯಾವುದೆಂದೇ ಈಗ ಕಾಣುತ್ತಿರಲಿಲ್ಲ. ಒಂದೇ ಒಂದು ರೇಸು ನೋಡಿದವರಿಗೂ ಅದು ಗೊತ್ತು. ಟೀಚರು ಮೆಲ್ಲಗೆ, ಅದು ಹಳೇ ಕಾರಿನ ಮಾತಲ್ಲವೇ ಸಾರ್ ಎಂದರು. ಹೌದು, ಹಳೆಯದು, ಬಾಯಿತಪ್ಪಿ ಬಂತು ಎಂದು ಭಾವ ಕೂತುಬಿಟ್ಟರು.

ಹಲ್ಲಪ್ಪ ನಗಲಿಲ್ಲ. ಮತ ಹಾಕಲು ಕೈಯೆತ್ತಿ ಎಂದಾಗ ಯಾವುದಕ್ಕೆ ಎತ್ತಿದ ಎಂಬುದೂ ಅವನಿಗೆ ನೆನಪಿಲ್ಲ. ವಿಲೀನವಾಗಲಿ ಎಂದವರು ಇಪ್ಪತ್ತೊಂದು, ಬೇಡ ಎಂದವರು ಎಂಟು. ಅವನು ಮೂರು ವರ್ಷದ ಫೋನುಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದ. ಭಾವ ಕೆಣಕಿ ಸುಮ್ಮನಾಗುವರು, ವಿವರ ಹೇಳುವುದೆಲ್ಲ ಇವನೇ. ಹೂಂ, ಆಮೇಲೆ ಎನ್ನುವರು. ನೀನೇ ಹೇಳು ನೋಡೋಣ ಎನ್ನುವರು. ಗೆದ್ದ ಮೂವರ ಹೆಸರು ಬಿಟ್ಟರೆ ತಾವಾಗಿ ಇನ್ನೇನನ್ನೂ ಅವರು ಎಂದೂ ಹೇಳಿರಲಿಲ್ಲ.

ಹಿಂತಿರುಗುವಾಗ ಭಾವ ತಮ್ಮ ಶಾಲೆಯ ಕಾರಿನಲ್ಲೇ ಬಿಡುತ್ತೇನೆಂದರು. ಅವರು ಸ್ಟೇರಿಂಗ್ ಹಿಡಿದರು. ಹಲ್ಲಪ್ಪ ಅವರ ಎಂದಿನ ಜಾಗದಲ್ಲಿ, ಎರಡನೇ ಬ್ರೇಕಿನ ಸೀಟಿನಲ್ಲಿ ಕೂತ. ಕಾರು ಎರಡು ಸಿಗ್ನಲ್ ದಾಟಿತು.

"ಭಾವ, ನೀವು ರೇಸು ನೋಡ್ತಿಲ್ಲ ಅಲ್ವಾ?" ಎಂದು ಕೊನೆಗೆ ಹಲ್ಲಪ್ಪ ಕೇಳಿದ.

ಭಾವ ಕನ್ನಡಿ ನೋಡಿ, ಕೈ ತೋರಿಸಿ, ಶಿಸ್ತಾಗಿ ಎಡಕ್ಕೆ ತಿರುಗಿಸಿಕೊಂಡರು. "ಟಿವಿ ಮಗಳ ಮನೆಗೆ ಕೊಟ್ಟು ಮೂರು ವರ್ಷ ಆಯ್ತು. ನಿನ್ನಕ್ಕ ಹೋದ ಮೇಲೆ ಒಂದು ದಿನ ಹಾಕಿದೆ. ನಲವತ್ತು ಸುತ್ತು ನೋಡಿದೆ. ಯಾರು ಮುಂದಿದ್ದಾರೆ ಅಂತಾನೇ ತಲೆಗೆ ಹೋಗಲಿಲ್ಲ."

"ಮತ್ತೆ ಫೋನು?"

"ಮೊದಲು ಅಂಗಡಿ ಹತ್ತಿರ ಯಾರನ್ನಾದ್ರೂ ಯಾರು ಗೆದ್ರು ಅಂತ ಕೇಳ್ತಿದ್ದೆ. ಆಮೇಲೆ ಮೊಬೈಲಲ್ಲಿ ಮೂರು ಹೆಸರು ಓದ್ಕೊಂಡು ಮಾಡ್ತಿದ್ದೆ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದರು: "ಆಸ್ಪತ್ರೆಯಲ್ಲಿದ್ದಾಗ ಅವಳು ಹೇಳಿದ್ಲು ಕಣೋ. ಭಾನುವಾರ ಅವನಿಗೆ ಫೋನ್ ಮಾಡ್ರಿ, ಅವನಿಗೆ ಯಾರಿದ್ದಾರೆ ಅಂತ. ಹೇಗಿದ್ದೀಯಾ ಅಂದ್ರೆ ಎರಡು ಮಾತಲ್ಲಿ ಮುಗಿಸಿಬಿಡ್ತಾನೆ, ರೇಸು ತೆಗೀರಿ, ಆಗ ಬಿಡಲ್ಲ ಅಂದ್ಲು. ಮಾತು ಕೊಟ್ಟಿದ್ದೆ."

ಹಲ್ಲಪ್ಪನ ಕಿವಿ ಬಿಸಿಯಾಯಿತು. ಮುದುಕನಿಗೆ ತಾನು ಆಸರೆ ಎಂದುಕೊಂಡು ಪುಸ್ತಕದಲ್ಲಿ ಬರೆದಿಟ್ಟದ್ದು, ಜ್ವರದಲ್ಲಿ ಎದ್ದು ಕೂತದ್ದು, ಕೆಣಕುವ ಮಾತು ಹುಡುಕಿದ್ದು ಎಲ್ಲ ಕಣ್ಣ ಮುಂದೆ ಬಂತು. ಅಷ್ಟೂ ದಿನ ಆಚೆಯ ತುದಿಯಲ್ಲಿ ಒಬ್ಬರು ಗಡಿಯಾರ ನೋಡಿಕೊಂಡು ಕೊಟ್ಟ ಮಾತು ನಡೆಸುತ್ತಿದ್ದರು.

"ಒಂದಾಗಲಿ ಅಂತ ನೀವು ಹೇಳಿದ್ದು ಅದಕ್ಕೇನಾ?"

ಭಾವ ಸುಳ್ಳು ಹೇಳಲು ಹೋಗಲಿಲ್ಲ. "ಸುಸ್ತಾಗಿದೆ ಕಣೋ. ಒಂದೇ ಆದ್ರೆ ಓದೋದೂ ಒಂದೇ."

ಹಲ್ಲಪ್ಪನ ಕಾಲು ಎರಡನೇ ಬ್ರೇಕನ್ನು ಒತ್ತಿತು. ಕಾರು ರಸ್ತೆಯ ಬದಿಗೆ ಮುಗ್ಗರಿಸಿ ನಿಂತಿತು. ಇನ್ನು ಮೇಲೆ ಫೋನು ಮಾಡಬೇಡಿ, ಅಕ್ಕನಿಗೆ ಕೊಟ್ಟ ಮಾತು ಮೂರು ವರ್ಷ ನಡೆಸಿದ್ದೀರಿ, ಸಾಕು ಎಂದು ಹೇಳಿ ಅವನು ಇಳಿದ. ಹೆಸರು ಹಿಡಿದು ಭಾವ ಒಂದು ಸಲ ಕರೆದರು. ಅವನು ತಿರುಗಿ ನೋಡದೆ ನಡೆದ. ಮನೆ ಇನ್ನೂ ಎರಡು ಮೈಲಿ ಇತ್ತು.

ಮರುದಿನ ಆರು ಗಂಟೆಗೆ ಫೋನು ಬಡಿದುಕೊಂಡಿತು. ಅವನು ಎತ್ತಲಿಲ್ಲ. ಅದರ ಮುಂದಿನ ಭಾನುವಾರವೂ ಬಂತು, ಎತ್ತಲಿಲ್ಲ. ಮೂರನೆಯ ಭಾನುವಾರ ಬರಲಿಲ್ಲ. ಬರಬಾರದೆಂದು ತಾನೇ ಹೇಳಿದ್ದವನು ಏಳೂವರೆಯವರೆಗೂ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಆ ತಿಂಗಳುಗಳಲ್ಲಿ ಅವನ ಬಾಯಿಂದ ಹೊರಟ ಮಾತುಗಳು ಬೆರಳೆಣಿಕೆಯವು. ಬೆಳಿಗ್ಗೆ ಡಾಕ್ಟರಿಗೆ ನಮಸ್ಕಾರ, ಮಧ್ಯಾಹ್ನ ಯಾವ ಸೆಟ್ಟು ಯಾವ ದಿನಕ್ಕೆ ಎಂಬ ವಿಚಾರ, ಸಂಜೆ ಮನೆ ಮೆಟ್ಟಿಲ ಮೇಲೆ ಎದುರಾದವರಿಗೆ ಒಂದು ತಲೆಯಾಡಿಕೆ. ಒಂದು ಸೋಮವಾರ ಡಾಕ್ಟರು ಏನೋ ಕೇಳಿದಾಗ ಅವನ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಶನಿವಾರ ಸಂಜೆ ಬಾಗಿಲು ಹಾಕಿಕೊಂಡ ಮೇಲೆ ತಾನು ಮಾತೇ ಆಡಿಲ್ಲವೆಂದು ಆಗ ಹೊಳೆಯಿತು. ಪಾಲಿಶ್ ಮಾಡುವ ಚಕ್ರದ ಮುಂದೆ ಕೂತು, ಅಕ್ಕ ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ಯೋಚಿಸಿದ. ಯಾರಾದರೂ ಹೇಗಿದ್ದೀಯಾ ಎಂದರೆ ತಾನು ಎರಡೇ ಮಾತಿನಲ್ಲಿ ಮುಗಿಸುವವನೇ. ಭಾವನನ್ನಾದರೂ ಹೇಗಿದ್ದೀರಿ ಎಂದು ತಾನು ಒಮ್ಮೆಯಾದರೂ ಕೇಳಿದ್ದೆನೇ? ಕೇಳಿದ ನೆನಪಾಗಲಿಲ್ಲ.

ಸರಣಿಗಳು ಒಂದಾದವು. ಮಾಲೀಕರಿಬ್ಬರು ಕೈಕುಲುಕುವ ಚಿತ್ರ ಎಲ್ಲ ಕಡೆ ಬಂತು. ಹೊಸ ವರ್ಷದ ಮೊದಲ ರೇಸನ್ನು ಒಟ್ಟಿಗೆ ನೋಡೋಣವೆಂದು ಟೈರ್ ಅಂಗಡಿಯವರು ಹಾಲಿನಲ್ಲಿ ದೊಡ್ಡ ಪರದೆ ಕಟ್ಟಿಸಿದರು. ಹಲ್ಲಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಬಾಗಿಲ ಕಡೆ, ಕಿಟಕಿಯ ಕಡೆ ಎಂಬ ಭೇದ ಹೋಗಿತ್ತು. ಎಲ್ಲರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಕೂತಿದ್ದರು. ಇಪ್ಪತ್ತಮೂರು ಕಾರುಗಳು ಒಟ್ಟಿಗೆ ಹೊರಟಾಗ ಹಾಲೆಲ್ಲ ಎದ್ದು ನಿಂತಿತು. ಅವನೂ ನಿಂತ. ಭಾವ ಬಂದಾರೇನೋ ಎಂದು ಬಾಗಿಲ ಕಡೆ ಎರಡು ಸಲ ನೋಡಿದ. ಬಂದಿರಲಿಲ್ಲ, ಬರಲು ಕಾರಣವೂ ಇರಲಿಲ್ಲ.

ಪಕ್ಕದಲ್ಲಿ ಕೂತ ಟೀಚರು, ನೀವು ಬೇಡವೆಂದಿದ್ದಿರಲ್ಲ, ಈಗ ಏನನ್ನಿಸುತ್ತದೆ ಎಂದು ಪ್ರೀತಿಯಿಂದಲೇ ಕೇಳಿದರು. ಚೆನ್ನಾಗಿದೆ ಎಂದ. ಅವರು ಇನ್ನೊಂದು ಮಾತಿಗೆ ಕಾದರು. ಅವನು ಪರದೆಯ ಕಡೆ ತಿರುಗಿದ. ಅವರು ಆಚೆ ಪಕ್ಕದವರ ಕಡೆ ತಿರುಗಿದರು. ರೇಸು ನಿಜವಾಗಿಯೂ ಚೆನ್ನಾಗಿತ್ತು, ಹತ್ತು ವರ್ಷದಲ್ಲಿ ಅಂಥದ್ದು ನೋಡಿರಲಿಲ್ಲ. ಮೂವತ್ತನೆಯ ಸುತ್ತಿನಲ್ಲಿ ಮೂರು ಕಾರು ಒಂದೇ ಸಾಲಿನಲ್ಲಿ ತಿರುವಿಗೆ ನುಗ್ಗಿದಾಗ ಹಾಲೆಲ್ಲ ಒಂದೇ ಬಾಯಾಗಿ ಕೂಗಿತು. ಆ ಕೂಗಿನ ನಡುವೆ ಕೂತವನಿಗೆ ತನ್ನ ಸುತ್ತ ಅರ್ಧ ಅಡಿ ಜಾಗವನ್ನು ಯಾರೋ ಗೆರೆ ಎಳೆದು ಬೇರೆ ಮಾಡಿದ್ದಾರೆ ಎನ್ನಿಸಿತು. ಚಪ್ಪಲಿ ಹುಡುಕಿಕೊಂಡು ಕೆಳಗಿಳಿದ.

ಕಾಲು ಕರೆದುಕೊಂಡು ಹೋದದ್ದು ಅಕ್ಕನ ಮನೆಗೆ. ಭಾವ ಬಾಗಿಲು ತೆರೆದರು. ಯಾಕೆ ಬಂದೆ ಎಂದೂ ಕೇಳಲಿಲ್ಲ, ಇಷ್ಟು ದಿನ ಎಲ್ಲಿದ್ದೆ ಎಂದೂ ಕೇಳಲಿಲ್ಲ. ಒಳಗೆ ಟಿವಿ ಇದ್ದ ಗೋಡೆಯಲ್ಲಿ ಮೊಳೆಯ ಎರಡು ತೂತು. ಕುರ್ಚಿಗಳು ಎರಡೇ ಇದ್ದವು.

"ರೇಸು ಇತ್ತಲ್ವಾ ಇವತ್ತು? ಯಾರು ಗೆದ್ರು?" ಎಂದರು ಭಾವ.

"ಗೊತ್ತಿಲ್ಲ. ಅರ್ಧಕ್ಕೇ ಎದ್ದು ಬಂದೆ."

"ಹಾಗಾದ್ರೆ ಇಬ್ಬರೂ ನಾಳೆ ಪೇಪರ್ ನೋಡ್ಬೇಕು" ಎಂದರು ಭಾವ. ಹಲ್ಲಪ್ಪನಿಗೆ ನಗು ಬಂತು, ಆದರೆ ಬಾಯಿಗೆ ಬರುವಷ್ಟರಲ್ಲಿ ಆರಿಹೋಯಿತು.

ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಪ್ರಶ್ನೆಯನ್ನು ಅವನು ಕೇಳಿದ: "ಹೇಗಿದ್ದೀರಿ ಭಾವ?" ಪರವಾಗಿಲ್ಲ, ಮಂಡಿ ಒಂದು ತೊಂದರೆ ಕೊಡುತ್ತದೆ ಎಂದರು ಅವರು. ಯಾವ ಮಂಡಿ ಎಂದು ಕೇಳಿದ. ಬಲದ್ದು, ಬ್ರೇಕಿನ ಮೇಲಿಟ್ಟುಕೊಂಡ ಕಾಲಿನದು ಎಂದರು. ಶಾಲೆಯನ್ನು ಮುಂದಿನ ವರ್ಷ ಯಾರಿಗಾದರೂ ವಹಿಸಿಕೊಡುವ ಯೋಚನೆಯಿದೆ ಎಂದೂ ಹೇಳಿದರು. ನೀನು ಹೇಗಿದ್ದೀಯಾ ಎಂದು ಅವರು ಕೇಳಿದಾಗ ಹಲ್ಲಪ್ಪ ಹೂಂ, ಇದ್ದೀನಿ ಎಂದ. ಆಮೇಲೆ ಗೋಡೆಯ ತೂತುಗಳನ್ನು ನೋಡುತ್ತ, ಭಾನುವಾರಗಳು ಕಷ್ಟ ಭಾವ ಎಂದ. ಭಾವ ಕುರ್ಚಿಯನ್ನು ಕಿಟಕಿಯ ಕಡೆ ಎಳೆದುಕೊಂಡರು. ಅವರಿಗೂ ಅಷ್ಟೇ ಕಷ್ಟ ಎಂಬುದು ಹೇಳದೆಯೇ ಗೊತ್ತಿತ್ತು. ಬೆಳಕು ಮಂಕಾಗುವವರೆಗೆ ಇಬ್ಬರೂ ಬೀದಿ ನೋಡುತ್ತ ಕೂತಿದ್ದು, ಅವನು ಎದ್ದು ಬಸ್ಸು ಹಿಡಿದ.

ಮುಂದಿನ ಭಾನುವಾರ ಅವನು ಹೋಗಲಿಲ್ಲ, ಹೋಗಲು ಮನಸ್ಸಿದ್ದರೂ ಏನೋ ಅಡ್ಡ ಬಂತು. ಅದರ ಮುಂದಿನದಕ್ಕೆ ಹೋದ. ಬಾಗಿಲು ತೆರೆದೇ ಇತ್ತು. ಭಾವ ಕಿಟಕಿಯ ಪಕ್ಕ ಕೂತಲ್ಲೇ ನಿದ್ದೆ ಹೋಗಿದ್ದರು, ಬಾಯಿ ಅರೆ ತೆರೆದಿತ್ತು. ಎಬ್ಬಿಸುವುದು ಬೇಡವೆಂದು ಅವನು ಅಡುಗೆಮನೆಗೆ ಹೋಗಿ ಒಲೆ ಹಚ್ಚಿ ಚಹಾಕ್ಕಿಟ್ಟ. ಸಕ್ಕರೆಯ ಡಬ್ಬಿ ಎಲ್ಲಿದೆಯೋ ತಿಳಿಯಲಿಲ್ಲ. ಒಂದರಲ್ಲಿ ಬೇಳೆ, ಒಂದರಲ್ಲಿ ಉಪ್ಪು, ಒಂದರಲ್ಲಿ ಹಳೇ ಗುಂಡಿ, ಸೂಜಿ, ದಾರ. ಅದರ ಮುಚ್ಚಳವನ್ನು ಬೇಗ ಹಾಕಿಬಿಟ್ಟ. ಹೊರಗೆ ಬಂದಾಗ ಭಾವನಿಗೆ ಎಚ್ಚರವಾಗಿತ್ತು. ಲೋಟ ಕೈಗೆ ಕೊಟ್ಟ. ಸಕ್ಕರೆಯಿಲ್ಲದ ಚಹಾವನ್ನು ಇಬ್ಬರೂ ನಿಧಾನವಾಗಿ ಕುಡಿದರು.